ಕುಂಚ ಬಿಟ್ಟುಬಂದ ಕೈಗೆ ಮತ್ತೆ ಕುಂಚ



ನಿಮ್ಮಲ್ಲಿ ಅನೇಕರು ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ ಕಡೆ ನೆಲೆಸಿದವರು. ಕೆಲವರು ಈ ಪುಟವನ್ನು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕುಳಿತು ಓದುತ್ತೀರಿ. ಹಬ್ಬಕ್ಕೋ ಮದುವೆಗೋ ನಾಲ್ಕು ದಿನ ರಜೆ ಕೂಡಿಬಂದರೆ ಯಶವಂತಪುರದಲ್ಲಿ ಮಂಗಳೂರಿನ ರೈಲು ಹತ್ತುತ್ತೀರಿ. ಸಕಲೇಶಪುರ ದಾಟಿದ ಮೇಲೆ ಮಕ್ಕಳು ಸುರಂಗಗಳನ್ನು ಎಣಿಸುತ್ತಾರೆ. ಊರು ಸೇರಿದ ಮೇಲೆ ನೆಂಟರ ಮನೆ, ಸಮುದ್ರ, ಮೀನಿನೂಟ. ಹಿಂದಿರುಗುವ ದಿನ ಹೊತ್ತು ಉಳಿದಿದ್ದರೆ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಒಂದು ಭೇಟಿ. ತಲೆಯೆತ್ತಿ ನೋಡಿ, ಎಷ್ಟು ಚೆನ್ನಾಗಿದೆ ಎಂದು ಹೇಳಿ, ಹದಿನೈದು ನಿಮಿಷದಲ್ಲಿ ಹೊರಗೆ ಬರುತ್ತೀರಿ. ಮೊದಲ ಸಲ ನಾನೂ ಹಾಗೆಯೇ ಬಂದವನು. ಆ ಗೋಡೆಗಳಿಗೆ ಬಣ್ಣ ಹಚ್ಚಿದವರು ಯಾರು ಎಂದು ಕೇಳಬೇಕೆಂದು ಅಂದು ನನಗೆ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಪ್ರೇ ಪೇಂಟಿಂಗ್ ಕೆಲಸ ಮಾಡುವ ನನ್ನ ಸ್ನೇಹಿತರು. ಒಂದು ಭಾನುವಾರ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಮಾತಾಡುತ್ತ ನಿಂತಿದ್ದಾಗ ಅವರು ಮಗಳ ವಿಷಯ ತೆಗೆದರು. ಹುಡುಗಿ ಹತ್ತನೇ ತರಗತಿಯಲ್ಲಿದ್ದಾಳೆ. ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಚಿತ್ರ ಬರೆಯುತ್ತಾಳೆ. ಮುಂದೆ ಅದನ್ನೇ ಕಲಿಯುತ್ತೇನೆಂದು ಹಟ. ತಂದೆಗೆ ಅದು ಬೇಡ. ತಾನು ಇಪ್ಪತ್ತು ವರ್ಷ ಬಣ್ಣದ ಹೊಗೆ ಕುಡಿದದ್ದು ಸಾಕು, ಮಗಳಾದರೂ ಕಂಪ್ಯೂಟರ್ ಓದಿ ತಣ್ಣಗಿನ ಕೋಣೆಯಲ್ಲಿ ಕುಳಿತು ದುಡಿಯಲಿ ಎಂಬುದು ಅವರ ಆಸೆ. ಯಾವ ತಂದೆಗೆ ಆ ಆಸೆ ಇರುವುದಿಲ್ಲ? ಆದರೆ ಮಾತಿನ ಕೊನೆಗೆ ಅವರು ಇನ್ನೊಂದನ್ನು ಸೇರಿಸಿದರು. ಬಣ್ಣ ಇರುವುದು ಹೊಟ್ಟೆಪಾಡಿಗೆ, ದೇವರು ಇರುವುದು ಭಾನುವಾರಕ್ಕೆ, ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳಬಾರದು ಎಂದರು. ಇದು ನನ್ನನ್ನು ಬಿಡದೆ ಕಾಡಿತು. ಆಗ ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರದ ಬದಲು ಒಬ್ಬರ ಬಾಳಿನ ಕಥೆಯನ್ನು ಅವರಿಗೂ ನಿಮಗೂ ಹೇಳುತ್ತಿದ್ದೇನೆ.

ಇಟಲಿಯ ಉತ್ತರಕ್ಕೆ, ಮಿಲಾನ್ ನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಬೆರ್ಗಮೊ ಎಂಬ ಪಟ್ಟಣವಿದೆ. ಆಲ್ಪ್ಸ್ ಪರ್ವತದ ತಪ್ಪಲಿನ ಸೀಮೆ. ಎರಡನೇ ವ್ಯಾಟಿಕನ್ ಮಹಾಸಭೆಯನ್ನು ಕರೆದ ಜಗದ್ಗುರು 23ನೇ ಜಾನ್ ಅವರು 1881ರಲ್ಲಿ ಒಂದು ರೈತ ಕುಟುಂಬದಲ್ಲಿ ಹುಟ್ಟಿದ್ದು ಇದೇ ಸೀಮೆಯ ಹಳ್ಳಿಯಲ್ಲಿ. ಅವರಿಗಿಂತ 27 ವರ್ಷ ಮೊದಲು, 1854ರ ಜನವರಿ 17ರಂದು, ಬೆರ್ಗಮೊ ಪಕ್ಕದ ಸ್ತೆಜ್ಜಾನೊ ಎಂಬ ಊರಿನಲ್ಲಿ ಅಂತೋನಿಯೊ ಮೊಸ್ಕೆನಿ ಹುಟ್ಟಿದರು.

ಚಿತ್ರಕಲೆಯ ಮಟ್ಟಿಗೆ ಅದು ಬರಡು ನೆಲವಲ್ಲ. ಕತ್ತಲೆಯೊಳಗಿಂದ ಬೆಳಕು ನುಗ್ಗಿ ಬರುವಂತೆ ಚಿತ್ರ ಬರೆದ ಕಾರವಾಜ್ಜೊ ಎಂಬ ಮಹಾ ಕಲಾವಿದನಿಗೆ ಆ ಹೆಸರು ಬಂದದ್ದೇ ಬೆರ್ಗಮೊ ಬಳಿಯ ಅವನ ಮನೆತನದ ಊರಿನಿಂದ. ಅವನ ಕೈ ದೊಡ್ಡದು, ಕೋಪ ಅದಕ್ಕಿಂತ ದೊಡ್ಡದು. 1606ರಲ್ಲಿ ರೋಮಿನಲ್ಲಿ ಜಗಳವಾಡಿ ಒಬ್ಬನನ್ನು ಕೊಂದು ಓಡಿಹೋದ. ನಾಲ್ಕು ವರ್ಷ ಊರೂರು ಅಲೆದು 38ನೇ ವಯಸ್ಸಿಗೆ ಸತ್ತ. ಸಂತ ಮತ್ತಾಯರನ್ನು ಯೇಸುಸ್ವಾಮಿ ಕರೆಯುವ ದೃಶ್ಯವನ್ನು ಅವನಂತೆ ಬರೆದವರು ಇಲ್ಲ. ಕೈಯಲ್ಲಿರುವ ವರವೇ ಬೇರೆ, ಬಾಳುವ ಬಾಳೇ ಬೇರೆ ಆಗಿಬಿಡಬಹುದು ಎಂಬುದಕ್ಕೆ ಅವನಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನಮ್ಮ ಮೊಸ್ಕೆನಿಯವರ ಬಾಳಿನಲ್ಲಿ ಕತ್ತಿವರಸೆ ಇಲ್ಲ, ಓಡಾಟವಿಲ್ಲ. ಬೆರ್ಗಮೊದಲ್ಲಿ ಕರಾರ ಅಕಾಡೆಮಿ ಎಂಬ ಕಲಾಶಾಲೆ ಇದೆ. ಜಾಕೊಮೊ ಕರಾರ ಎಂಬ ಶ್ರೀಮಂತರು ತಮ್ಮ ಚಿತ್ರಗಳನ್ನೂ ಆಸ್ತಿಯನ್ನೂ ಕೊಟ್ಟು 18ನೇ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಸಂಸ್ಥೆ. ಅಲ್ಲಿ ಎನ್ರಿಕೊ ಸ್ಕೂರಿ ಎಂಬ ಹಿರಿಯ ಕಲಾವಿದರ ಕೈಕೆಳಗೆ ಮೊಸ್ಕೆನಿ ಕಲಿತರು. ಆ ಮೇಲೆ ರೋಮಿಗೆ ಹೋಗಿ ವ್ಯಾಟಿಕನ್ನಿನಲ್ಲಿರುವ ಹಿರಿಯರ ಚಿತ್ರಗಳನ್ನು ಅಭ್ಯಾಸ ಮಾಡಿದರು. ರಫಾಯೆಲ್ ಬರೆದ ಕೋಣೆಗಳು, ಮೈಕೆಲಾಂಜೆಲೊ ಬರೆದ ಸಿಸ್ಟೀನ್ ಪ್ರಾರ್ಥನಾಲಯ ಎಲ್ಲವೂ ಇರುವುದು ಅಲ್ಲಿಯೇ. ಮೈಕೆಲಾಂಜೆಲೊ ತನ್ನನ್ನು ಶಿಲ್ಪಿ ಎಂದೇ ತಿಳಿದಿದ್ದವನು. ಜಗದ್ಗುರು 2ನೇ ಜೂಲಿಯಸ್ ಅವರ ಒತ್ತಾಯಕ್ಕೆ ಮಣಿದು, ಮನಸ್ಸಿಲ್ಲದ ಮನಸ್ಸಿನಿಂದ, 1508ರಿಂದ 1512ರವರೆಗೆ ಸಾರ್ವೆಯ ಮೇಲೆ ನಿಂತು ಕತ್ತು ನೋಯಿಸಿಕೊಂಡು ಆ ಮಾಳಿಗೆಯನ್ನು ತುಂಬಿಸಿದ. ಮಂಗಳೂರಿನ ಪ್ರಾರ್ಥನಾಲಯವನ್ನು ಭಾರತದ ಸಿಸ್ಟೀನ್ ಎಂದು ಕರೆಯುವುದನ್ನು ನೀವು ಕೇಳಿರಬಹುದು. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸದು. ಮೊಸ್ಕೆನಿಯವರ ನಿಜವಾದ ಅಣ್ಣ ಮೈಕೆಲಾಂಜೆಲೊ ಅಲ್ಲ, ಬೇರೆ ಒಬ್ಬರು.

ಅವರ ಹೆಸರು ಅಂದ್ರೆಯಾ ಪೊಜ್ಜೊ. ಹುಟ್ಟಿದ್ದು 1642ರಲ್ಲಿ. ಯೇಸುಸಭೆಗೆ ಸೇರಿದ್ದು ಗುರುವಾಗಲು ಅಲ್ಲ, ಧರ್ಮಸೋದರರಾಗಿ. ರೋಮಿನಲ್ಲಿ ಯೇಸುಸಭೆಯವರು ಸಂತ ಇಗ್ನಾಸಿಯವರ ಹೆಸರಿನಲ್ಲಿ ದೊಡ್ಡ ದೇವಾಲಯ ಕಟ್ಟಿದರು. ಅದರ ಗುಮ್ಮಟ ಮಾತ್ರ ಏಳಲೇ ಇಲ್ಲ. ಆಗ ಪೊಜ್ಜೊ ಸುಮಾರು 17 ಮೀಟರ್ ಅಗಲದ ಕ್ಯಾನ್‌ವಾಸಿನ ಮೇಲೆ ಗುಮ್ಮಟವನ್ನು ಬರೆದು 1685ರಲ್ಲಿ ಅಲ್ಲಿ ಏರಿಸಿಬಿಟ್ಟರು. ನೆಲದ ಮೇಲೆ ಒಂದು ಗುರುತಿನ ಜಾಗದಲ್ಲಿ ನಿಂತು ನೋಡಿದರೆ ನಿಜವಾದ ಗುಮ್ಮಟವೇ ಇದ್ದಂತೆ ಕಾಣುತ್ತದೆ. ಎರಡು ಹೆಜ್ಜೆ ಸರಿದರೆ ಗುಟ್ಟು ರಟ್ಟು. ಅದೇ ದೇವಾಲಯದಲ್ಲಿ ಸಂತ ಅಲೋಶಿಯಸರ ಸಮಾಧಿಯೂ ಇದೆ. ಅದರ ಮೇಲಿನ ಪೀಠವನ್ನು ರೂಪಿಸಿದವರೂ ಪೊಜ್ಜೊ ಅವರೇ. ಒಬ್ಬ ಧರ್ಮಸೋದರ ರೋಮಿನಲ್ಲಿ ಅಲೋಶಿಯಸರ ಪೀಠ ಮಾಡಿದರು. ಇನ್ನೂರು ವರ್ಷಗಳ ಮೇಲೆ ಇನ್ನೊಬ್ಬ ಧರ್ಮಸೋದರ ಮಂಗಳೂರಿನಲ್ಲಿ ಅದೇ ಸಂತರ ಹೆಸರಿನ ಪ್ರಾರ್ಥನಾಲಯಕ್ಕೆ ಬಣ್ಣ ತಂದರು.

ಧರ್ಮಸೋದರ ಎಂದರೆ ಏನು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಾರದು. ಅವರು ಪೂಜೆ ಅರ್ಪಿಸುವವರಲ್ಲ, ಪಾಪನಿವೇದನೆ ಕೇಳುವವರಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳನ್ನು ಕೈಗೊಂಡು ಸಭೆಯ ಮನೆಗೆಲಸ ನೋಡಿಕೊಳ್ಳುವವರು. ಅಡಿಗೆ, ಹೊಲಿಗೆ, ಬಡಗಿ ಕೆಲಸ, ತೋಟ, ಬಾಗಿಲು ಕಾಯುವುದು. ಸ್ಪೇನ್ ದೇಶದ ಸಂತ ಅಲ್ಫೋನ್ಸಸ್ ರೊದ್ರಿಗಸ್ ಮಯೋರ್ಕ ದ್ವೀಪದ ಒಂದು ಕಾಲೇಜಿನ ಬಾಗಿಲು ಕಾಯುತ್ತಲೇ ಸಂತರಾದವರು.

ಮೊಸ್ಕೆನಿ ಈ ದಾರಿ ಹಿಡಿದದ್ದು 1889ರಲ್ಲಿ. ಆಗ ಅವರಿಗೆ 35 ವರ್ಷ. ಓದುಗರೇ, ಈ ವಯಸ್ಸನ್ನು ದಯವಿಟ್ಟು ಗಮನಿಸಿ. ಹದಿನೆಂಟರ ಹುಡುಗ ದೇವಕರೆ ಕೇಳಿ ಹೊರಡುವುದು ಒಂದು ಬಗೆ. ಕಲಿತು, ಪಳಗಿ, ಸ್ವಂತ ಕಸುಬಿನಲ್ಲಿ ಕೈ ಕುದುರಿದ ಮೇಲೆ, ನಮ್ಮ ಲೆಕ್ಕದಲ್ಲಿ ಗೃಹಸಾಲದ ಕಂತು ಕಟ್ಟುವ ವಯಸ್ಸಿನಲ್ಲಿ, ಎಲ್ಲ ಬಿಟ್ಟು ಹೊರಡುವುದು ಇನ್ನೊಂದು ಬಗೆ. ವಿಧೇಯತೆಯ ವ್ರತ ತೊಟ್ಟವನಿಗೆ ತನ್ನ ಕಸುಬು ಇಂಥದೇ ಎಂದು ಕೇಳುವ ಹಕ್ಕಿಲ್ಲ. ಅಡಿಗೆಮನೆಗೆ ಕಳಿಸಿದರೆ ಅಡಿಗೆಮನೆ, ದನದ ಕೊಟ್ಟಿಗೆಗೆ ಕಳಿಸಿದರೆ ಕೊಟ್ಟಿಗೆ. ಚಿತ್ರಕಾರನೊಬ್ಬ ಆ ಹೊಸ್ತಿಲು ದಾಟುವಾಗ ಕುಂಚವನ್ನು ಹೊರಗೇ ಇಟ್ಟು ಬರಬೇಕು. ಅದು ಮತ್ತೆ ಕೈಗೆ ಬರುತ್ತದೆಯೋ ಇಲ್ಲವೋ ಎಂಬುದು ಹಿರಿಯರ ಇಷ್ಟ.

ಮೊಸ್ಕೆನಿಯವರ ಕೈಗೆ ಅದು ಮರಳಿ ಬಂತು. ನವಶಿಷ್ಯತ್ವ ಮುಗಿದ ಮೇಲೆ ಹಿರಿಯರು ಅವರನ್ನು ಚಿತ್ರಕೆಲಸಕ್ಕೇ ಹಚ್ಚಿದರು. ಇಟಲಿಯ ಪಿಯಾಚೆಂಜ, ಮೋದೆನ ಮುಂತಾದ ಕಡೆ, ಸಮುದ್ರದಾಚೆ ಕ್ರೊಯೇಷಿಯ ಹಾಗೂ ಅಲ್ಬೇನಿಯದಲ್ಲಿ ಅವರು ಯೇಸುಸಭೆಯ ಪ್ರಾರ್ಥನಾಲಯಗಳನ್ನು ಅಲಂಕರಿಸಿದರು. ಬೇಕಾದದ್ದನ್ನು ಬರೆಯುವ ಸ್ವಾತಂತ್ರ್ಯ ಹೋಗಿತ್ತು, ಸಂಭಾವನೆ ಹೋಗಿತ್ತು, ಹೆಸರಿನ ಆಸೆಗೆ ಜಾಗವಿರಲಿಲ್ಲ. ಕೆಲಸ ಉಳಿಯಿತು. 1898ರಲ್ಲಿ ಭಾರತಕ್ಕೆ ಹೊರಡುವ ಆಜ್ಞೆಯಾಯಿತು. ಆಗ ಅವರಿಗೆ 44 ವರ್ಷ.

ಮಂಗಳೂರಿಗೆ ಇಟಲಿಯವರು ಏಕೆ ಬಂದರು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತಮ್ಮ ಮಕ್ಕಳಿಗೆ ಉನ್ನತ ವಿದ್ಯೆ ಬೇಕೆಂದು ಮಂಗಳೂರಿನ ಕಥೋಲಿಕರು ರೋಮಿಗೆ ಬಹುಕಾಲ ಮನವಿ ಮಾಡಿದ್ದರು. ಜಗದ್ಗುರು 13ನೇ ಲಿಯೊ ಅವರು ಆ ಪ್ರಾಂತ್ಯವನ್ನು ಯೇಸುಸಭೆಗೆ ವಹಿಸಿದರು. 1878ರ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರಿನಲ್ಲಿ ಇಳಿಯಿತು. 1880ರಲ್ಲಿ ಕಾಲೇಜು ಶುರುವಾಯಿತು. ಗುಡ್ಡದ ಮೇಲೆ ಕಟ್ಟಡ ಎದ್ದಿತು, ಪ್ರಾರ್ಥನಾಲಯವೂ ಎದ್ದಿತು. ಈಗ ಅದು ಡೀಮ್ಡ್ ವಿಶ್ವವಿದ್ಯಾಲಯ. ಮೊಸ್ಕೆನಿ ಬರುವವರೆಗೆ ಪ್ರಾರ್ಥನಾಲಯದ ಗೋಡೆಗಳು ಅವರಿಗಾಗಿ ಕಾದಿದ್ದವು ಎನ್ನಬೇಕು.

ಅವರು ಅಲ್ಲಿ ಮಾಡಿದ ಕೆಲಸವನ್ನು ನನ್ನ ಪೀಣ್ಯದ ಸ್ನೇಹಿತರಿಗೆ ವಿವರಿಸುವುದು ಸುಲಭವಾಯಿತು. ಪೌಡರ್ ಕೋಟಿಂಗ್ ಅವರಿಗೆ ಗೊತ್ತು. ಲೋಹದ ಮೇಲೆ ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿಟ್ಟರೆ ಪುಡಿ ಕರಗಿ ಲೋಹವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಫ್ರೆಸ್ಕೊ ಎಂಬ ಪದ್ಧತಿ ಇನ್ನೂ ಒಂದು ಹೆಜ್ಜೆ ಆಳದ್ದು. ಅದರಲ್ಲಿ ಒಲೆ ಇಲ್ಲ, ಅಂಟೂ ಇಲ್ಲ. ಗೋಡೆಗೆ ಸುಣ್ಣದ ಗಾರೆ ಹಚ್ಚಬೇಕು. ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಬಳಿಯಬೇಕು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಎಳೆದುಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೆ ಸೆರೆಯಾಗುತ್ತದೆ. ಗೋಡೆಯ ಮೇಲೆ ಬಣ್ಣ ಕುಳಿತಿರುವುದಿಲ್ಲ, ಬಣ್ಣವೇ ಗೋಡೆಯಾಗಿರುತ್ತದೆ.

ಕೇಳಲು ಸುಲಭ, ಮಾಡಲು ಕಷ್ಟ. ಒಂದು ದಿನಕ್ಕೆ ಎಷ್ಟು ಬರೆದು ಮುಗಿಸಬಹುದೋ ಅಷ್ಟೇ ಗಾರೆ ಬೆಳಿಗ್ಗೆ ಹಚ್ಚಿಸಬೇಕು. ಕೆಲವೇ ಗಂಟೆಗಳ ಅವಕಾಶ. ಸಂಜೆಗೆ ಮುಗಿಯದೆ ಉಳಿದ ಗಾರೆಯನ್ನು ಕೆರೆದು ಹಾಕಬೇಕು, ಏಕೆಂದರೆ ಒಣಗಿದ ಮೇಲೆ ಅದು ಬಣ್ಣ ಹಿಡಿಯದು. ಹಸಿಯಲ್ಲಿ ಕಂಡ ಬಣ್ಣ ಒಣಗಿದಾಗ ತಿಳಿಯಾಗುತ್ತದೆ. ಇಂದು ಬಳಿದ ನೀಲಿಗೂ ನಾಳೆ ಪಕ್ಕದಲ್ಲಿ ಬಳಿಯುವ ನೀಲಿಗೂ ಹೊಂದಾಣಿಕೆಯಾಗಬೇಕಾದರೆ ಕಣ್ಣಳತೆ ಪಳಗಿರಬೇಕು. ತಪ್ಪಾದರೆ ಅಳಿಸುವಂತಿಲ್ಲ. ಗಾರೆಯನ್ನೇ ಒಡೆದು ಮೊದಲಿನಿಂದ ಶುರು. ಲಿಯೊನಾರ್ದೊ ದ ವಿಂಚಿಯಂಥವರಿಗೇ ಈ ಅವಸರ ಒಗ್ಗಲಿಲ್ಲ. ಮಿಲಾನಿನ ಕಡೇ ಭೋಜನದ ಚಿತ್ರವನ್ನು ಆತ ನಿಧಾನವಾಗಿ, ಯೋಚಿಸಿ, ತಿದ್ದಿ ತಿದ್ದಿ ಬರೆಯಬೇಕೆಂದು ಒಣಗಿದ ಗೋಡೆಯ ಮೇಲೆ ಬರೆದ. ಆತ ಬದುಕಿರುವಾಗಲೇ ಅದು ಹಕ್ಕಳೆ ಏಳತೊಡಗಿತು.

ಮಂಗಳೂರಿನ ಹವೆಯನ್ನು ಇದಕ್ಕೆ ಸೇರಿಸಿಕೊಳ್ಳಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದ ಊರು. ಉಳಿದ ತಿಂಗಳು ಬೆವರು ಮತ್ತು ಕಡಲಿನ ಉಪ್ಪುಗಾಳಿ. ಅಂಥ ಊರಿನಲ್ಲಿ, ವಿದ್ಯುತ್ ದೀಪವಾಗಲಿ ಫ್ಯಾನಾಗಲಿ ಇಲ್ಲದ ಕಾಲದಲ್ಲಿ, ಆಲ್ಪ್ಸ್ ತಪ್ಪಲಿನ ಚಳಿಯಲ್ಲಿ ಬೆಳೆದ ಮನುಷ್ಯ ಸಾರ್ವೆ ಹತ್ತಿದರು. ಗೋಡೆಗಳಿಗೆ ಫ್ರೆಸ್ಕೊ. ಮಾಳಿಗೆಗೆ ಮಾತ್ರ ಕ್ಯಾನ್‌ವಾಸಿನ ಮೇಲೆ ತೈಲವರ್ಣ. 1899ರಲ್ಲಿ ಹಿಡಿದ ಕೆಲಸ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮುಗಿದಾಗ ಒಳಗೆ ಬಣ್ಣವಿಲ್ಲದ ಗೇಣು ಜಾಗ ಹುಡುಕಬೇಕಾದಂತಿತ್ತು.

ಈಗ ನೀವು ಒಳಗೆ ಹೋದಿರಿ ಎಂದುಕೊಳ್ಳಿ. ಎಲ್ಲವನ್ನೂ ಒಮ್ಮೆಗೇ ನೋಡಲು ಹೋಗಬೇಡಿ. ಇಳಿಜಾರು ಮಾಳಿಗೆಯಲ್ಲಿ ಪ್ರೇಷಿತರಿದ್ದಾರೆ. ಕಮಾನುಗಳಲ್ಲಿ ಸಂತರಿದ್ದಾರೆ. ಯೇಸುಸ್ವಾಮಿಯ ಬಾಳಿನ ದೃಶ್ಯಗಳಿವೆ. ಮಕ್ಕಳ ಗೆಳೆಯನಾಗಿ ಅವರು ಕಾಣುವ ಚಿತ್ರವೂ ಇದೆ. ನಿಮ್ಮ ಮಕ್ಕಳನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ. ಅಂಚುಪಟ್ಟಿಗಳಲ್ಲಿ ಕೆತ್ತನೆಯಂತೆ ಉಬ್ಬಿ ನಿಂತದ್ದನ್ನು ಕಂಡು ಕೈ ಚಾಚಬೇಡಿ, ಅದು ಬರಿಯ ಬಣ್ಣ. ಪೊಜ್ಜೊ ಅವರ ಗುಮ್ಮಟದ ತಮ್ಮ ಅದು. ಮತ್ತೆ ಮೇಲೆ ನೋಡಿದರೆ ಅಲೋಶಿಯಸರ ಜೀವನ ಕಾಣುತ್ತದೆ.

ಆ ಜೀವನ ನಿಮಗೆ ನೆನಪಿರಬಹುದು. 1568ರಲ್ಲಿ ಕಾಸ್ತಿಲಿಯೋನೆ ಎಂಬಲ್ಲಿ ಪಾಳೆಯಗಾರ ಮನೆತನದ ಹಿರಿಯ ಮಗನಾಗಿ ಹುಟ್ಟಿದ ಹುಡುಗ. ಕಾರ್ಡಿನಲ್ ಚಾರ್ಲ್ಸ್ ಬೊರ್ರೊಮೆಯೊ ಅವರ ಕೈಯಿಂದ ಮೊದಲ ಪರಮಪ್ರಸಾದ ಪಡೆದವರು. ತಂದೆ ಕತ್ತಿ ಹಿಡಿಯಲಿ ಎಂದರೆ ಮಗ ಯೇಸುಸಭೆಗೆ ಸೇರುತ್ತೇನೆ ಎಂದ. ತಂದೆ ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ 1585ರಲ್ಲಿ ಪಟ್ಟದ ಹಕ್ಕನ್ನು ತಮ್ಮನಿಗೆ ಬರೆದುಕೊಟ್ಟು ರೋಮಿಗೆ ಹೊರಟರು. 1591ರಲ್ಲಿ ರೋಮಿನಲ್ಲಿ ಸೋಂಕು ಹಬ್ಬಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಸಾಗಿಸಿದರು. ಆ ಕಾಯಿಲೆ ಅವರಿಗೂ ತಗುಲಿ ಜೂನ್ 21ರಂದು ತೀರಿಕೊಂಡರು. ವಯಸ್ಸು 23.

ಈ ಸೋಂಕಿನ ದೃಶ್ಯವನ್ನು ಮೊಸ್ಕೆನಿ ಬರೆದ ಕಾಲ ಯಾವುದೆಂದು ನೋಡಿ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಿತ್ತು. ಅವರು ಭಾರತಕ್ಕೆ ಬಂದ 1898ರಲ್ಲೇ ಅದು ನಮ್ಮ ಬೆಂಗಳೂರಿಗೆ ನುಗ್ಗಿತು. ಪೇಟೆಯ ಇಕ್ಕಟ್ಟಿನ ಕೇರಿಗಳನ್ನು ಬಿಟ್ಟು ಜನ ಹೊರಗೆ ಓಡಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದಿಂದ. ಮಂಗಳೂರಿನ ಕಂಕನಾಡಿಯಲ್ಲಿ ಅದೇ ಯೇಸುಸಭೆಯ ಫಾದರ್ ಮುಲ್ಲರ್ ಕುಷ್ಠರೋಗಿಗಳನ್ನೂ ಪ್ಲೇಗ್ ರೋಗಿಗಳನ್ನೂ ನೋಡಿಕೊಂಡರು. ಗೋಡೆಯ ಮೇಲೆ ಮುನ್ನೂರು ವರ್ಷ ಹಿಂದಿನ ರೋಮಿನ ರೋಗಿ. ಗೋಡೆಯ ಹೊರಗೆ ಅಂದಿನ ರೋಗಿ. ಆ ಚಿತ್ರವನ್ನು ಅಂದು ನೋಡಿದ ವಿದ್ಯಾರ್ಥಿಗಳಿಗೆ ಅದು ಬರಿಯ ಅಲಂಕಾರವಾಗಿ ಕಂಡಿರಲಾರದು. ಕೋವಿಡ್ ಕಾಲವನ್ನು ಕಂಡ ನಮಗೂ ಹಾಗೆ ಕಾಣಬೇಕಿಲ್ಲ.

ಇಲ್ಲಿ ನನ್ನದೊಂದು ತಕರಾರನ್ನೂ ಹೇಳಿಬಿಡುತ್ತೇನೆ. ಆ ಗೋಡೆಗಳ ಮುಖಗಳು ಇಟಲಿಯ ಮುಖಗಳು. ಬಟ್ಟೆ, ಮರ, ಆಕಾಶ ಎಲ್ಲ ಅಲ್ಲಿನವು. ಕರಾವಳಿಯ ಬೆಳಕಿನಲ್ಲಿ ಕುಳಿತು ಲೊಂಬಾರ್ದಿಯ ಬೆಳಕನ್ನು ಬರೆದರು. ಮಾತೆ ಮರಿಯಮ್ಮನವರಿಗೆ ಸೀರೆ ಉಡಿಸಿ ನಮ್ಮ ಮನೆಯ ತಾಯಿಯಂತೆ ಬರೆಯುವ ಧೈರ್ಯ ಬರಲು ಗೋವೆಯ ಆಂಜೆಲೊ ದ ಫೊನ್ಸೆಕ ಅವರಂಥವರು ಬರಬೇಕಾಯಿತು. 1902ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಅವರು ಅದಕ್ಕಾಗಿ ಸ್ವಂತ ಜನರಿಂದಲೇ ಬೈಸಿಕೊಂಡರು. ಮುಂದೆ ನಮ್ಮ ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲೇ ಕಲಾವಿದ ಜ್ಯೋತಿ ಸಾಹಿ ಅವರು ಕಲಾಶ್ರಮ ಮಾಡಿ ಆ ಹಾದಿಯಲ್ಲಿ ನಡೆದರು. ಪೀಣ್ಯದವರಿಗೆ ಅದು ದೂರವೇನಲ್ಲ. ಹಾಗೆಂದು 1899ರ ಮನುಷ್ಯನನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತನಗೆ ತಿಳಿದಿದ್ದ ಒಂದೇ ಭಾಷೆಯಲ್ಲಿ ಅವರು ಪ್ರಾರ್ಥಿಸಿದರು.

ಮಂಗಳೂರಿನ ಕೆಲಸ ಮುಗಿದರೂ ಅವರಿಗೆ ಬಿಡುವಿರಲಿಲ್ಲ. ಜೆಪ್ಪುವಿನ ಸಂತ ಜೋಸೆಫರ ಗುರುಮಠದ ಪ್ರಾರ್ಥನಾಲಯದಲ್ಲಿ, ಮುಂಬಯಿಯ ಹೋಲಿ ನೇಮ್ ಪ್ರಧಾನಾಲಯದಲ್ಲಿ ಅವರ ಕೈಕೆಲಸವಿದೆ. ಕೊನೆಯದಾಗಿ ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯ. ಪೋರ್ಚುಗೀಸರ ಕಾಲದ ಹಳೆಯ ದೇವಾಲಯವನ್ನು ಬ್ರಿಟಿಷರು 1795ರಲ್ಲಿ ಕೆಡವಿದ್ದರು. ನೂರು ವರ್ಷದ ಮೇಲೆ ಹೊಸದು ಎದ್ದಿತ್ತು. ಒಳಗನ್ನು ತುಂಬಲು ಮೊಸ್ಕೆನಿ ಬಂದರು. ಜೊತೆಗೆ ಮಂಗಳೂರಿನ ಅವರ ಶಿಷ್ಯ ದ ಗಾಮ ಇದ್ದರು. ಈ ಶಿಷ್ಯನ ಹೆಸರು ಕೊಚ್ಚಿಯವರ ನೆನಪಿನಲ್ಲಿ ಗುರುವಿನ ಹೆಸರಿನ ಪಕ್ಕದಲ್ಲೇ ಉಳಿದಿದೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಪರದೇಶದವರು ಬಂದು ಬರೆದು ಹೋದರು ಎಂಬಷ್ಟಕ್ಕೇ ಕಥೆ ನಿಲ್ಲಲಿಲ್ಲ. ನಮ್ಮ ಊರಿನ ಒಂದು ಕೈ ಆ ಕೈಯಿಂದ ಕಲಿಯಿತು.

ಕೊಚ್ಚಿಯಲ್ಲಿ ಯೇಸುಸ್ವಾಮಿಯ ಯಾತನೆ ಮತ್ತು ಮರಣದ ಏಳು ದೊಡ್ಡ ಕ್ಯಾನ್‌ವಾಸ್ ಚಿತ್ರಗಳಿವೆ. ಅವುಗಳಲ್ಲಿ ಕಡೇ ಭೋಜನದ ಚಿತ್ರ ಲಿಯೊನಾರ್ದೊನ ಚಿತ್ರವನ್ನು ಮಾದರಿಯಾಗಿಟ್ಟು ಬರೆದದ್ದು. ಹುಟ್ಟೂರಿನಿಂದ ಐವತ್ತು ಕಿಲೋಮೀಟರ್ ದೂರದಲ್ಲಿ ಮಾಸಿಹೋಗುತ್ತಿದ್ದ ಚಿತ್ರ, ಸಾವಿರಾರು ಕಿಲೋಮೀಟರ್ ಆಚೆಯ ಕೊಚ್ಚಿಯಲ್ಲಿ ಈ ಧರ್ಮಸೋದರನ ಕೈಯಲ್ಲಿ ಮತ್ತೆ ಬಣ್ಣ ತಾಳಿತು.

ಪ್ರಧಾನಾಲಯದ ಪ್ರತಿಷ್ಠೆಗೆ 1905ರ ನವೆಂಬರ್ 19 ಎಂದು ದಿನ ಗೊತ್ತಾಗಿತ್ತು. ನವೆಂಬರ್ 15ರಂದು ಮೊಸ್ಕೆನಿ ತೀರಿಕೊಂಡರು. ನಾಲ್ಕು ದಿನ ಬಾಕಿಯಿತ್ತು. ಅವರಿಗೆ 51 ವರ್ಷ. ಭಾರತಕ್ಕೆ ಬಂದು ಏಳು ವರ್ಷವಾಗಿತ್ತು. ಆ ಭಾನುವಾರ ಧರ್ಮಾಧ್ಯಕ್ಷರು ಹೊಸ ಪೀಠವನ್ನು ಪವಿತ್ರೀಕರಿಸಿದಾಗ, ಧೂಪದ ಹೊಗೆ ಏರಿ ಮುಟ್ಟಿದ್ದು ಅವರು ಬರೆದ ಚಿತ್ರಗಳನ್ನು. ನೋಡಲು ಅವರಿರಲಿಲ್ಲ. 1984ರಲ್ಲಿ ಜಗದ್ಗುರು 2ನೇ ಜಾನ್ ಪಾಲ್ ಅವರು ಆ ದೇವಾಲಯವನ್ನು ಬಸಿಲಿಕ ಎಂದು ಘೋಷಿಸಿದರು.

ಮಂಗಳೂರಿನ ಚಿತ್ರಗಳು ತೊಂಬತ್ತು ಮಳೆಗಾಲಗಳನ್ನು ಕಂಡ ಮೇಲೆ ಬೂಷ್ಟು ಹಿಡಿದು, ಅಲ್ಲಲ್ಲಿ ಬಿರುಕು ಬಿಟ್ಟವು. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಮತ್ತೆ ಸಾರ್ವೆ ಕಟ್ಟಿ ಕುಳಿತು ಅವನ್ನು ಶುಚಿ ಮಾಡಿ ಉಳಿಸಿದರು. ಇಂಥ ಕೆಲಸಕ್ಕೆ ಇಳಿಯುವವರು ಹತ್ತಿ, ಸಣ್ಣ ಕುಂಚ, ಬೇಕಾದಷ್ಟೇ ದ್ರಾವಣ ಹಿಡಿದು ಅಂಗುಲ ಅಂಗುಲವಾಗಿ ಸಾಗುತ್ತಾರೆ. ತಮ್ಮ ಕೈಚಳಕ ಎಲ್ಲೂ ಕಾಣದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಇದಕ್ಕೂ ಕಲಾಶಾಲೆಯಲ್ಲಿ ಕಲಿತವರು ಬೇಕು, ರಸಾಯನಶಾಸ್ತ್ರ ಓದಿದವರೂ ಬೇಕು. ಹತ್ತನೇ ತರಗತಿಯ ಆ ಹುಡುಗಿಯ ತಂದೆಗೆ ನಾನು ವಿಶೇಷವಾಗಿ ಹೇಳಿದ್ದು ಇದನ್ನೇ. ಚಿತ್ರ ಕಲಿತವರೆಲ್ಲ ಮೊಸ್ಕೆನಿ ಆಗುವುದಿಲ್ಲ, ಉಪವಾಸವೂ ಬೀಳುವುದಿಲ್ಲ. ನಡುವೆ ನೂರು ಬಗೆಯ ಕೆಲಸಗಳಿವೆ. ಅವರು ಒಪ್ಪಿದರು ಎಂದು ಹೇಳಲಾರೆ. ತಲೆ ಆಡಿಸಿದರು, ಅಷ್ಟೆ.

ಕಳೆದ ಕ್ರಿಸ್ಮಸ್ ರಜೆಯಲ್ಲಿ ಅವರು ಸಂಸಾರ ಸಮೇತ ಮಂಗಳೂರಿಗೆ ಹೋಗಿ ಬಂದರು. ಮಗಳು ಬೆಂಚಿನ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಕುಳಿತವಳು ಏಳಲೇ ಇಲ್ಲವಂತೆ. ಇವರು ಗೋಡೆಯ ಹತ್ತಿರ ನಿಂತು, ಒಂದು ದಿನದ ಗಾರೆ ಮುಗಿದು ಮರುದಿನದ ಗಾರೆ ಶುರುವಾಗುವ ಕೂಡು ಎಲ್ಲಿದೆಯೆಂದು ಬಹಳ ಹೊತ್ತು ಹುಡುಕಿದರಂತೆ. ಹಿಂದಿರುಗಿದ ಭಾನುವಾರ ನನ್ನನ್ನು ದೇವಾಲಯದ ಬಾಗಿಲಲ್ಲೇ ಹಿಡಿದರು. ಮಗಳ ಕಾಲೇಜಿನ ಮಾತು ಎತ್ತಲಿಲ್ಲ. ಸಂತರ ಮಾತನ್ನೂ ಎತ್ತಲಿಲ್ಲ. ಅವರಿಗೆ ತಿಳಿಯಬೇಕಾಗಿದ್ದದ್ದು ಒಂದೇ: ಮೊಸ್ಕೆನಿಯವರು ಸಾರ್ವೆ ಹತ್ತುವ ಮೊದಲು, ಪ್ರತಿದಿನ ಬೆಳಗಿನ ಜಾವ ಕರಣೆ ಹಿಡಿದು ಅಷ್ಟು ನಯವಾಗಿ ಗಾರೆ ಹಚ್ಚಿಕೊಟ್ಟವರು ಯಾರು ಎಂದು.